ಹಿರಿಯರ ಜೊತೆಗಿನ ಕೆಲಸವೇ ವೃತ್ತಿಯಾಗಬೇಕೇ? ಪದವಿ ಆದ ಮೇಲೆ ಓದುವ ದಾರಿ, ಹುಬ್ಬಳ್ಳಿ-ಧಾರವಾಡದಿಂದ

ಧಾರವಾಡದ ಮಾಳಮಡ್ಡಿಯಲ್ಲಿ ಸಂಜೆ ಐದರ ಹೊತ್ತಿಗೆ ಒಂದು ಸುತ್ತು ಹಾಕಿ ನೋಡಿ. ಗೇಟಿನ ಹಿಂದೆ ಒಂದು ಕುರ್ಚಿ, ಕುರ್ಚಿಯಲ್ಲಿ ಒಬ್ಬ ಅಜ್ಜ, ಒಳಗೆ ಟಿವಿ ಮುಂದೆ ಒಬ್ಬ ಅಜ್ಜಿ. ಮಗ ಪುಣೆಯಲ್ಲಿ, ಮಗಳು ಅಮೆರಿಕದಲ್ಲಿ. ಅದೇ ಹೊತ್ತಿಗೆ ಮುಂಡರಗಿ ಕಡೆಯ ಹಳ್ಳಿಗೆ ಹೋದರೆ ಅಲ್ಲೂ ಕಟ್ಟೆಯ ಮೇಲೆ ಅಜ್ಜಂದಿರೇ ಕಾಣುತ್ತಾರೆ. ಮಕ್ಕಳು ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗಿದ್ದಾರೆ, ಮೊಮ್ಮಕ್ಕಳು ಅಜ್ಜಿಯ ಕೈಯಲ್ಲಿದ್ದಾರೆ. ದುಡ್ಡಿನ ಲೆಕ್ಕ ಬೇರೆ ಬೇರೆ. ಆದರೆ ನಡುರಾತ್ರಿ ಎದೆನೋವು ಬಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಎರಡೂ ಕಡೆ ಇಲ್ಲ.

2011ರ ಜನಗಣತಿ ಹೊತ್ತಿಗೇ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಜಾಸ್ತಿ ಇದ್ದರು. ಇವರ ಜೊತೆ ಕೆಲಸ ಮಾಡಲು ಕಲಿತವರು ಮಾತ್ರ ಕೈಬೆರಳಲ್ಲಿ ಎಣಿಸುವಷ್ಟು. ಹಾಗಾಗಿ ಪ್ರತಿ ವರ್ಷ ಡಿಗ್ರಿ ರಿಸಲ್ಟ್ ಬಂದ ಮೇಲೆ ಯಾರಾದರೂ ಬಂದು, "ಮೇಡಂ, ವಯಸ್ಸಾದವರ ಜೋಡಿ ಕೆಲಸಾ ಮಾಡೂದಂದ್ರ ನಂಗ ಭಾಳ ಇಷ್ಟ. ಅದಕ್ಕ ಯಾವ ಕೋರ್ಸ್ ಐತಿ?" ಅಂತ ಕೇಳಿದರೆ ನನಗೆ ಖುಷಿಯಾಗುತ್ತದೆ. ನಾನೂ ಧಾರವಾಡದಲ್ಲೇ ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದಿ ಈ ಕೆಲಸಕ್ಕೆ ಬಂದವಳು.

ಉತ್ತರ ಮಾತ್ರ ಸ್ವಲ್ಪ ನಿರಾಸೆ ಮಾಡಬಹುದು. ಹಿರಿಯರಿಗೆಂದೇ ಒಂದು ಕೋರ್ಸ್ ಅಂತ ಕಾಲೇಜಿನ ಮುಂದೆ ಬೋರ್ಡ್ ಹುಡುಕುತ್ತಾ ಕೂರಬೇಡಿ. ನಮ್ಮ ಕಡೆ ಸುಲಭವಾಗಿ ಸಿಗುವುದು ಸಮಾಜಕಾರ್ಯ, ಸಾರ್ವಜನಿಕ ಆರೋಗ್ಯ, ಮನಃಶಾಸ್ತ್ರ, ನರ್ಸಿಂಗ್, ಫಿಸಿಯೋಥೆರಪಿ. ಅದರೊಳಗೆ ಹಿರಿಯರ ವಿಷಯವನ್ನು ನೀವೇ ತುಂಬಿಕೊಳ್ಳಬೇಕು. ಇದು ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಅಂಗಿ ಅಲ್ಲ. ಬಟ್ಟೆ ತಂದು, ಅಳತೆ ಕೊಟ್ಟು ಹೊಲಿಸಿಕೊಳ್ಳುವಂಥದ್ದು.

ಮುಂದೆ ಹೋಗುವ ಮೊದಲು ಎರಡು ಪದ. ಜೇರಿಯಾಟ್ರಿಕ್ಸ್ ಅಂದರೆ ವೃದ್ಧರ ವೈದ್ಯಕೀಯ, ಅದು ಡಾಕ್ಟರ್‌ಗಳ ದಾರಿ. ಜೆರೊಂಟಾಲಜಿ ಅಂದರೆ ಮುಪ್ಪಿನ ಬಗೆಗಿನ ಎಲ್ಲ ಓದು: ದೇಹ, ಮನಸ್ಸು, ಕುಟುಂಬ, ಪಿಂಚಣಿ, ಮನೆ, ಕಾನೂನು. ಈ ಎರಡನೇ ಪದವನ್ನು 1903ರಲ್ಲಿ ಬಳಕೆಗೆ ತಂದವನು ಮೆಚ್ನಿಕಾಫ್ ಎಂಬ ವಿಜ್ಞಾನಿ. ಮೊದಲನೆಯದನ್ನು 1909ರಲ್ಲಿ ತಂದವನು ನ್ಯಾಶರ್ ಎಂಬ ವೈದ್ಯ. ಜಾಹೀರಾತುಗಳಲ್ಲಿ ಎರಡನ್ನೂ ಕಲಸಿಬಿಡುತ್ತಾರೆ. ನೀವು ಕಲಸಬೇಡಿ.

ಹಂತ 1: ಫಾರ್ಮ್ ತುಂಬುವ ಮೊದಲು ಇಪ್ಪತ್ತು ತಾಸು

ಯಾವ ಕೋರ್ಸ್ ಅಂತ ಆಮೇಲೆ ನೋಡೋಣ. ಮೊದಲು ನಿಮ್ಮ ಮನೆಯವರಲ್ಲದ ಹಿರಿಯರ ಜೊತೆ ಒಟ್ಟು ಇಪ್ಪತ್ತು ತಾಸು ಕಳೆಯಿರಿ. ಒಂದೇ ದಿನ ಅಲ್ಲ, ಒಂದು ತಿಂಗಳಲ್ಲಿ. ನಿಮ್ಮ ಸ್ವಂತ ಅಜ್ಜಿ ಮೇಲಿನ ಪ್ರೀತಿ ಇಲ್ಲಿ ಲೆಕ್ಕಕ್ಕಿಲ್ಲ. ಅವರು ನಿಮಗೆ ಉಂಡಿ ಕಟ್ಟಿ ಕೊಟ್ಟವರು, ಇಲ್ಲಿ ಸಿಗುವವರು ನಿಮ್ಮ ಮುಖವನ್ನೂ ನೋಡದೆ ಗೋಡೆ ಕಡೆ ತಿರುಗಬಹುದು.

ಎಲ್ಲಿಗೆ ಹೋಗೋದು? ನಿಮ್ಮ ಓಣಿಯಲ್ಲಿ ಒಬ್ಬರೇ ಇರುವ ಅಜ್ಜನ ಮನೆ. ಊರ ಹತ್ತಿರದ ಒಂದು ವೃದ್ಧಾಶ್ರಮ, ಮೊದಲೇ ಅನುಮತಿ ಕೇಳಿ. ಜಿಲ್ಲಾ ಆಸ್ಪತ್ರೆಯ ಹೊರರೋಗಿ ಸಾಲು. ಪಿಂಚಣಿ ನಿಂತುಹೋಗಿದೆ ಎಂದು ನಾಡಕಚೇರಿ ಮುಂದೆ ಕೂತವರ ಪಕ್ಕ. ಸಿದ್ಧಾರೂಢ ಮಠದ ಅಂಗಳದಲ್ಲಿ ಸುಮ್ನೆ ಕೂತರೂ ಮಾತಾಡುವವರು ಸಿಗುತ್ತಾರೆ.

ನನ್ನ ಮೊದಲ ದಿನದ ಕಥೆ ಹೇಳುತ್ತೇನೆ, ನೀವು ಹಾಗೆ ಮಾಡಬಾರದು ಅಂತ. ಒಂದು ವೃದ್ಧಾಶ್ರಮಕ್ಕೆ ಹೋದೆ. ಕೈಯಲ್ಲಿ ಹೊಸ ನೋಟ್‌ಬುಕ್ ಬೇರೆ. ಒಬ್ಬ ಆಯಿ ಪಕ್ಕ ಕೂತು ಕೇಳಿದ ಮೊದಲ ಪ್ರಶ್ನೆಯೇ "ನಿಮ್ಮ ಮಕ್ಕಳು ಎಲ್ಲಿದಾರ್ರೀ?" ಅಂತ. ಆಯಿ ನನ್ನನ್ನೊಮ್ಮೆ ನೋಡಿದರು. "ಏನವಾ ತಂಗಿ, ನನ್ನ ಮಕ್ಕಳ ಲೆಕ್ಕಾ ಕೇಳಾಕ ಬಂದೀಯೇನು?" ಎಂದು ಎದ್ದು ಹೋದರು. ಮತ್ತೆ ಮೂರು ವಾರ ನನ್ನ ಜೊತೆ ಮಾತಾಡಲಿಲ್ಲ. ಕೊನೆಗೆ ಮಾತು ಶುರುವಾಗಿದ್ದು ಜೋಳದ ರೊಟ್ಟಿಯಿಂದ. ಅಲ್ಲಿ ಕೊಡುವ ಕಟಕ ರೊಟ್ಟಿ ಅವರಿಗೆ ಅಗಿಯಲು ಬರುತ್ತಿರಲಿಲ್ಲ, ಹಲ್ಲಿಲ್ಲ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನುಚ್ಚು ಮಜ್ಜಿಗೆ ಸಿಕ್ಕಮೇಲೆ ಅವರ ಊಟವೂ ಸರಿಹೋಯಿತು, ಮಾತೂ ಬಂತು. ಪೌಷ್ಟಿಕಾಂಶದ ಕೊರತೆ ಅಂತ ಪುಸ್ತಕದಲ್ಲಿ ಓದಿದ್ದೆ. ಅದು ಹೀಗೂ ಇರುತ್ತದೆ ಅಂತ ಗೊತ್ತಿರಲಿಲ್ಲ.

ಈ ಇಪ್ಪತ್ತು ತಾಸಿನಲ್ಲಿ ನಿಮ್ಮನ್ನೇ ಗಮನಿಸಿ. ಒಂದೇ ಕಥೆಯನ್ನು ಐದನೇ ಸಲ ಕೇಳುವಾಗ ಕೈ ಮೊಬೈಲ್ ಕಡೆ ಹೋಗುತ್ತದೆಯೇ? ಮೂತ್ರದ ವಾಸನೆಗೆ ಹೊಟ್ಟೆ ತೊಳೆಸುತ್ತದೆಯೇ? ವಾಸನೆ ಅಭ್ಯಾಸವಾಗುತ್ತದೆ, ಅದಕ್ಕೆ ಹೆದರಬೇಡಿ. ಮೊದಲನೆಯದು ಅಭ್ಯಾಸವಾಗುವುದು ಕಷ್ಟ. ಅಂಥವರು ಸಂಶೋಧನೆ, ಯೋಜನೆ, ಅಂಕಿ-ಅಂಶದ ಕಡೆ ಹೋದರೆ ಒಳ್ಳೆಯದು. ಅದೂ ಹಿರಿಯರ ಕೆಲಸವೇ.

ಹಂತ 2: ನಿಮ್ಮ ಡಿಗ್ರಿಗೆ ಯಾವ ಬಾಗಿಲು?

ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಏನೇ ಆಗಿರಲಿ, ಹೆಚ್ಚಿನವರಿಗೆ ಹತ್ತಿರದ ಬಾಗಿಲು ಎಂ.ಎಸ್.ಡಬ್ಲ್ಯೂ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇದೆ. ಇದರ ದೊಡ್ಡ ಲಾಭ ಕ್ಷೇತ್ರಕಾರ್ಯ. ತರಗತಿ ನಡೆಯುತ್ತಿರುವಾಗಲೇ ವಾರದಲ್ಲಿ ಕೆಲವು ದಿನ ಹೊರಗೆ ಕಳಿಸುತ್ತಾರೆ. ಬೇರೆ ಎಂ.ಎ.ಗಳಲ್ಲಿ ಇದು ಸಿಗುವುದಿಲ್ಲ. ಆಯ್ಕೆಗೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಕೊಟ್ಟರೆ ಅದನ್ನೇ ಹಿಡಿಯಿರಿ. ಮಾನವ ಸಂಪನ್ಮೂಲದ ಕಡೆ ಹೋಗು, ಕಂಪನಿಯಲ್ಲಿ ಕೆಲಸ ಸಿಗುತ್ತದೆ ಅಂತ ಸೀನಿಯರ್‌ಗಳು ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ, ಆದರೆ ನಿಮಗೆ ಬೇಕಾದ್ದು ಅದಲ್ಲ ಅಲ್ವಾ? ಕೆಲಸ ಬಿಟ್ಟು ಓದಲು ಆಗದವರಿಗೆ ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಎಂ.ಎಸ್.ಡಬ್ಲ್ಯೂ. ಇದೆ. ದೂರಶಿಕ್ಷಣವಾದರೂ ಕ್ಷೇತ್ರಕಾರ್ಯ ತಪ್ಪುವುದಿಲ್ಲ.

ಅಂಕಿ, ಊರು, ಆಸ್ಪತ್ರೆ ವ್ಯವಸ್ಥೆ ಇವುಗಳ ಕಡೆ ಒಲವಿದ್ದರೆ ಎಂ.ಪಿ.ಎಚ್., ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ಅದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ಸಿಗುತ್ತದೆ. ಗ್ರಾಮೀಣ ಹಿರಿಯರ ಆರೋಗ್ಯ ಓದುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಹೊಳೆಯುತ್ತಿಲ್ಲ. ಕ್ಯಾಂಪಸ್‌ನಿಂದ ಹೊರಬಿದ್ದರೆ ಹಳ್ಳಿಯೇ ಸಿಗುತ್ತದೆ.

ಮನಃಶಾಸ್ತ್ರ ಓದಿದವರು ಒಂದು ವಿಷಯ ಮೊದಲೇ ತಿಳಿದುಕೊಳ್ಳಿ. ಸುಮ್ನೆ ಎಂ.ಎ. ಅಥವಾ ಎಂ.ಎಸ್‌ಸಿ. ಮಾಡಿದರೆ 'ಕ್ಲಿನಿಕಲ್ ಸೈಕಾಲಜಿಸ್ಟ್' ಅಂತ ಬೋರ್ಡ್ ಹಾಕಲು ಬರುವುದಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಕೋರ್ಸ್ ಮುಗಿಸಿ ಅಲ್ಲಿ ನೋಂದಣಿ ಮಾಡಿಸಬೇಕು. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳು ಈ ತರಬೇತಿಗೆ ಹೆಸರಾದವು. ಇಷ್ಟು ದಿನ ಅದು ಎಂ.ಫಿಲ್. ಆಗಿತ್ತು. ಹೊಸ ಶಿಕ್ಷಣ ನೀತಿ ಬಂದ ಮೇಲೆ ಎಂ.ಫಿಲ್. ನಿಯಮಗಳು ಬದಲಾಗುತ್ತಿವೆ. ಹಾಗಾಗಿ ಎರಡು ವರ್ಷ ಹಿಂದೆ ಓದಿದ ಅಕ್ಕನ ಮಾತು ನಂಬಿ ಅರ್ಜಿ ಹಾಕಬೇಡಿ. ಈ ವರ್ಷದ ಪ್ರಕಟಣೆ ನೋಡಿಯೇ ಮುಂದುವರಿಯಿರಿ. ಮರೆವಿನ ಕಾಯಿಲೆ, ಮುಪ್ಪಿನ ಖಿನ್ನತೆ ಇವುಗಳ ಕೆಲಸ ನಿಮ್ಮ ಪಾಲಿಗೆ ಬರುತ್ತದೆ.

ನರ್ಸಿಂಗ್ ಓದಿದವರಿಗೆ ನನ್ನ ಸಲಹೆ ಸ್ವಲ್ಪ ಬೇರೆ. ಎಂ.ಎಸ್‌ಸಿ. ನರ್ಸಿಂಗ್‌ಗೆ ಬಿ.ಎಸ್‌ಸಿ. ಆದ ಮೇಲೆ ಒಂದು ವರ್ಷದ ಅನುಭವ ಬೇಕು. ಅದು ಬೋಧನೆಗೆ, ಬಡ್ತಿಗೆ ಒಳ್ಳೆಯದು. ಹಾಸಿಗೆ ಪಕ್ಕದ ಕೆಲಸವೇ ಇಷ್ಟವಿದ್ದರೆ ಭಾರತೀಯ ನರ್ಸಿಂಗ್ ಪರಿಷತ್ತಿನ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಲ್ಲಿ ವೃದ್ಧರ ನರ್ಸಿಂಗ್ ಕೂಡ ಒಂದು. ಫಿಸಿಯೋಥೆರಪಿಯವರಿಗೆ ಸತ್ತೂರಿನ ಎಸ್.ಡಿ.ಎಂ. ಕಾಲೇಜಿನಲ್ಲಿ ಎಂ.ಪಿ.ಟಿ., ಅಂದರೆ ಅದೇ ವಿಷಯದ ಸ್ನಾತಕೋತ್ತರ ಪದವಿ ಇದೆ. ನ್ಯೂರೋ ಅಥವಾ ಸಮುದಾಯದ ಕಡೆಯ ವಿಭಾಗ ನೋಡಿ. ಪಾರ್ಶ್ವವಾಯು, ಬಿದ್ದು ಸೊಂಟ ಮುರಿದವರು, ಮೊಣಕಾಲು ಬದಲಿಸಿಕೊಂಡವರು, ಇವರೇ ನಿಮ್ಮ ಹೆಚ್ಚಿನ ರೋಗಿಗಳು. ಈ ಊರಲ್ಲಿ ಕೆಲಸಕ್ಕೆ ಕಾಯಬೇಕಿಲ್ಲದ ಒಂದೇ ದಾರಿ ಇದು ಅನ್ನಿಸುತ್ತದೆ ನನಗೆ.

ಎಲ್ಲರೂ ಮರೆಯುವ ಬಾಗಿಲು ಒಂದಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜು, ಹಳೇ ಹೆಸರು ಗೃಹ ವಿಜ್ಞಾನ ಕಾಲೇಜು. ಅಲ್ಲಿ ಮಾನವ ಅಭಿವೃದ್ಧಿ, ಆಹಾರ ಮತ್ತು ಪೋಷಣೆ ವಿಭಾಗಗಳಲ್ಲಿ ಸ್ನಾತಕೋತ್ತರ ಓದು ಇದೆ. ಮಾನವ ಅಭಿವೃದ್ಧಿ ಅಂದರೆ ಬರೀ ಅಂಗನವಾಡಿ ಮಕ್ಕಳು ಅಲ್ಲ, ಹುಟ್ಟಿನಿಂದ ಮುಪ್ಪಿನವರೆಗೆ. ಆ ವಿಷಯದ ಪದವಿ ಇದ್ದವರು ಇದನ್ನು ಬಿಡಬೇಡಿ.

ಎಂ.ಬಿ.ಬಿ.ಎಸ್. ಮುಗಿಸಿದವರಿಗೆ ನಾನು ಹೇಳುವಂಥದ್ದು ಕಡಿಮೆ. ನೀಟ್ ಪಿ.ಜಿ. ಮೂಲಕ ಎಂ.ಡಿ. ಜೇರಿಯಾಟ್ರಿಕ್ಸ್ ಇದೆ. ದೇಶದಲ್ಲಿ ಅದನ್ನು ಮೊದಲು ಶುರುಮಾಡಿದ್ದು ಮದ್ರಾಸ್ ಮೆಡಿಕಲ್ ಕಾಲೇಜು, 1996ರಲ್ಲಿ. ಇಗ್ನೋದಲ್ಲಿ ವೈದ್ಯರಿಗೆಂದೇ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಇದೆ.

ಹಂತ 3: ಎರಡು ವರ್ಷವನ್ನು ಹಿರಿಯರ ಕಡೆ ತಿರುಗಿಸುವುದು

ಸೀಟು ಸಿಕ್ಕಿತು. ಈಗ ಹೊಲಿಗೆಯ ಕೆಲಸ. ಇಲ್ಲಿ ಮೈಮರೆತರೆ ಎರಡು ವರ್ಷದ ನಂತರ ನಿಮ್ಮ ಕೈಯಲ್ಲಿ ಎಲ್ಲರ ಹತ್ತಿರ ಇರುವ ಅದೇ ಪದವಿ ಇರುತ್ತದೆ.

ಮೊದಲ ಸೆಮಿಸ್ಟರ್‌ನಲ್ಲೇ ಕ್ಷೇತ್ರಕಾರ್ಯದ ಮೇಲ್ವಿಚಾರಕರಿಗೆ ನಿಮ್ಮ ಆಸೆ ಹೇಳಿಬಿಡಿ. ಹೇಳದಿದ್ದರೆ ಖಾಲಿ ಇರುವ ಯಾವುದೋ ಸಂಸ್ಥೆಗೆ ಹಾಕುತ್ತಾರೆ, ಅದು ಅವರ ತಪ್ಪಲ್ಲ. ನಾಲ್ಕು ಸೆಮಿಸ್ಟರ್‌ನಲ್ಲಿ ಎರಡನ್ನಾದರೂ ಹಿರಿಯರಿರುವ ಕಡೆ ಕೇಳಿ ಪಡೆಯಿರಿ. ಒಂದು ಆಸ್ಪತ್ರೆಯಲ್ಲಿ, ಒಂದು ಸಮುದಾಯದಲ್ಲಿ ಆದರೆ ಚೆನ್ನ. ವೃದ್ಧಾಶ್ರಮ ಒಂದನ್ನೇ ನೋಡಿದವರಿಗೆ ಮುಪ್ಪು ಅಂದರೆ ವೃದ್ಧಾಶ್ರಮ ಅನ್ನಿಸಿಬಿಡುತ್ತದೆ. ನಮ್ಮ ಹಿರಿಯರಲ್ಲಿ ಬಹುಪಾಲು ಜನ ಇರುವುದು ಮನೆಯಲ್ಲಿ.

ಹಿರಿಯರು ದಿನದ ಕೆಲಸಗಳನ್ನು ತಾವೇ ಎಷ್ಟು ಮಾಡಿಕೊಳ್ಳಬಲ್ಲರು ಎಂದು ನೋಡುವ ಕೆಲವು ಅಳತೆಪಟ್ಟಿಗಳನ್ನು ಕೈಯಾರೆ ಬಳಸಲು ಕಲಿಯಿರಿ. ಸಿಡ್ನಿ ಕ್ಯಾಟ್ಜ್ 1963ರಲ್ಲಿ ಕೊಟ್ಟ ಪಟ್ಟಿಯಲ್ಲಿ ಆರೇ ಕೆಲಸ: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಲಾಟನ್ ಮತ್ತು ಬ್ರೋಡಿ 1969ರಲ್ಲಿ ಕೊಟ್ಟ ಪಟ್ಟಿಯಲ್ಲಿ ಫೋನ್, ಅಡುಗೆ, ಸಂತೆ, ಮಾತ್ರೆ, ಹಣದ ಲೆಕ್ಕದಂಥ ಎಂಟು ಇವೆ. ಎರಡನೇ ಪಟ್ಟಿ ಬಳಸುವಾಗ ಹುಷಾರು. ನಮ್ಮ ಕಡೆ ಅಜ್ಜನಿಗೆ ಅಡುಗೆ ಮಾಡಲು ಬರುವುದಿಲ್ಲ ಅಂದರೆ ಅದು ಕಾಯಿಲೆ ಅಲ್ಲ, ಅವರು ಯಾವತ್ತೂ ಮಾಡಿಲ್ಲ ಅಷ್ಟೇ. "ಮೊದಲು ಮಾಡ್ತಿದ್ರಾ, ಈಗ ಬಿಟ್ಟಿದ್ದೀರಾ?" ಅಂತ ಕೇಳಬೇಕು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಬೇಕು ಎಂದು ನೋಡುವ ಪರೀಕ್ಷೆಯೂ ಇದೆ. ಒಂದು ಗಡಿಯಾರ ಸಾಕು. ಬೀಳುವ ಅಪಾಯ ಯಾರಿಗಿದೆ ಎಂಬ ಅಂದಾಜು ಸಿಗುತ್ತದೆ.

ನೆನಪಿನ ಪರೀಕ್ಷೆ ಮಾತ್ರ ಬೇರೆಯೇ ಕಥೆ. 1975ರಲ್ಲಿ ಬಂದ 30 ಅಂಕದ ಪಟ್ಟಿಯಲ್ಲಿ ತಾರೀಖು ಕೇಳುತ್ತಾರೆ, ಒಂದು ವಾಕ್ಯ ಬರೆಸುತ್ತಾರೆ, ಚಿತ್ರ ನಕಲು ಮಾಡಿಸುತ್ತಾರೆ. ನವಲಗುಂದ ಕಡೆಯ ಒಬ್ಬ ಅಜ್ಜನಿಗೆ "ಇವತ್ತು ತಾರೀಖು ಎಷ್ಟ್ರೀ ಅಜ್ಜಾರ?" ಅಂದೆ. "ತಾರೀಖು ನಂಗ್ಯಾಕವಾ? ಮಿರಗ ಕೂಡಿ ನಾಕು ದಿನಾ ಆತು, ಇನ್ನೂ ಒಂದು ಹನಿ ಇಲ್ಲ" ಎಂದರು. ಮಿರಗ ಅಂದರೆ ಮೃಗಶಿರಾ ಮಳೆ. ಲೆಕ್ಕ ಹಾಕಿದೆ, ಸರಿಯಾಗಿಯೇ ಇತ್ತು. ಫಾರ್ಮ್ ಪ್ರಕಾರ ಅವರಿಗೆ ಸೊನ್ನೆ. ಶಾಲೆ ಕಾಣದವರಿಗೆ ಈ ಪಟ್ಟಿ ಒಗ್ಗುವುದಿಲ್ಲ ಎಂದೇ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಹಿಂದಿಯ ಬೇರೆ ಪಟ್ಟಿಯನ್ನು 1990ರ ದಶಕದಲ್ಲಿ ರೂಪಿಸಿದರು. ಹಾಗಂತ ನೀವು ನಿಮಗೆ ತೋಚಿದಂತೆ ಪ್ರಶ್ನೆ ಬದಲಿಸಬಾರದು, ಬದಲಿಸಿದರೆ ಆ ಅಂಕಕ್ಕೆ ಬೆಲೆ ಇಲ್ಲ. ಫಾರ್ಮ್‌ನಲ್ಲಿ ಸೊನ್ನೆಯನ್ನೇ ಬರೆದು, ಅಜ್ಜ ಹೇಳಿದ್ದನ್ನು ಪಕ್ಕದಲ್ಲಿ ಬರೆಯಿರಿ. ಓದುವ ವೈದ್ಯರಿಗೆ ಆ ಪಕ್ಕದ ಸಾಲೇ ಜಾಸ್ತಿ ಹೇಳುತ್ತದೆ.

ಇನ್ನೊಂದು ವ್ಯತ್ಯಾಸ ಬಾಯಿಪಾಠ ಆಗಿರಲಿ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಬರುತ್ತದೆ. ನಿನ್ನೆ ಚೆನ್ನಾಗಿದ್ದವರು ಇವತ್ತು ದಿಕ್ಕು ತಪ್ಪಿ ಮಾತಾಡಿದರೆ ಅದು ಬೇರೆ, ಅದಕ್ಕೆ ಡೆಲಿರಿಯಂ ಎನ್ನುತ್ತಾರೆ. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಹೊಸ ಮಾತ್ರೆ, ಇಂಥವೇ ಕಾರಣ. "ವಯಸ್ಸಾತು, ಅರಳು ಮರಳು" ಎಂದು ಮನೆಯವರು ಬಿಟ್ಟುಬಿಡುತ್ತಾರೆ. ನೀವು ಬಿಡಬಾರದು, ಆವತ್ತೇ ಆಸ್ಪತ್ರೆಗೆ ಕಳಿಸಬೇಕು. ಹಾಗೆಯೇ ಮನೆಗೆ ಹೋದಾಗ ಮಾತ್ರೆ ಚೀಲವನ್ನು ಚಾಪೆ ಮೇಲೆ ಸುರಿಸಿ ನೋಡಿ. ಮೂರು ಡಾಕ್ಟರ್ ಬರೆದ ಒಂದೇ ಮದ್ದು ಮೂರು ಹೆಸರಲ್ಲಿ ಇರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ನಿಲ್ಲಿಸುವುದು ನಿಮ್ಮ ಕೆಲಸವಲ್ಲ. ಪಟ್ಟಿ ಮಾಡಿ ವೈದ್ಯರ ಮುಂದೆ ಇಡುವುದು ನಿಮ್ಮ ಕೆಲಸ.

ಕೊನೆಯ ವರ್ಷದ ಪ್ರಬಂಧಕ್ಕೆ ವಿಷಯ ಹುಡುಕಲು ದೂರ ಹೋಗಬೇಡಿ. 'ವೃದ್ಧರ ಸಮಸ್ಯೆಗಳು: ಒಂದು ಅಧ್ಯಯನ' ಅಂತ ಮಾತ್ರ ದಯವಿಟ್ಟು ಬರೆಯಬೇಡಿ, ಗ್ರಂಥಾಲಯದಲ್ಲಿ ಅಂಥವು ಬೇಕಾದಷ್ಟಿವೆ. ಬೆಟಗೇರಿಯ ವಯಸ್ಸಾದ ನೇಕಾರರ ಕಣ್ಣು ಮತ್ತು ಬೆನ್ನು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸುವ ಹಿರಿಯ ಹೆಂಗಸರ ಉಸಿರಾಟ. ಗುಳೆ ಹೋದವರ ಮಕ್ಕಳನ್ನು ಸಾಕುವ ಅಜ್ಜಿಯರು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಿರಿಯ ಮಹಿಳೆಯರ ಆಸ್ಪತ್ರೆ ಓಡಾಟ. ಇವುಗಳಲ್ಲಿ ಒಂದನ್ನು ಹಿಡಿದರೆ ನಿಮ್ಮ ಪ್ರಬಂಧ ಸಂದರ್ಶನದಲ್ಲಿ ನಿಮ್ಮ ಪರವಾಗಿ ಮಾತಾಡುತ್ತದೆ. ಹೊರಗೆ ಓಡಾಡಲು ಆಗದವರಿಗೆ ಮುಪ್ಪಿನ ಬಗೆಗಿನ ದೇಶವ್ಯಾಪಿ ಲಾಸಿ ಸಮೀಕ್ಷೆ ಇದೆ. ಮುಂಬೈನ ಜನಸಂಖ್ಯಾ ವಿಜ್ಞಾನ ಸಂಸ್ಥೆ 2017-18ರಲ್ಲಿ 45 ದಾಟಿದವರು, ಅವರ ಸಂಗಾತಿಗಳು ಸೇರಿ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ ಮಾಡಿದ್ದು. ದತ್ತಾಂಶವನ್ನು ಅರ್ಜಿ ಹಾಕಿ ಪಡೆಯಬಹುದು.

ಹಂತ 4: ಕಾನೂನು ಮತ್ತು ಯೋಜನೆ, ಸಿಲಬಸ್ ಹೊರಗೆ

ಹಿರಿಯರು ನಿಮ್ಮನ್ನು ಮೊದಲು ಕೇಳುವುದು ರಕ್ತದೊತ್ತಡದ ಬಗ್ಗೆ ಅಲ್ಲ. "ಪಗಾರ ಯಾಕ ಬಂದಿಲ್ಲ?" ಅಂತ ಕೇಳುತ್ತಾರೆ. ಪಗಾರ ಅಂದರೆ ಅವರ ಬಾಯಲ್ಲಿ ಪಿಂಚಣಿ. ಸಂಧ್ಯಾ ಸುರಕ್ಷಾ 65 ವಯಸ್ಸಿನಿಂದ, ಅರ್ಜಿ ನಾಡಕಚೇರಿಯಲ್ಲಿ. ಸರ್ಕಾರಿ ಪಿಂಚಣಿದಾರರಿಗೆ ಪ್ರತಿ ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರದ ತಲೆಬಿಸಿ. ಬೆರಳು ಸವೆದು ಯಂತ್ರ ಒಪ್ಪದಿದ್ದರೆ ಮುಖ ತೋರಿಸಿ ಮೊಬೈಲ್‌ನಲ್ಲೇ ಮಾಡಬಹುದು. ಇಷ್ಟು ಮಾಡಿಕೊಟ್ಟರೆ ಆ ಮನೆಯಲ್ಲಿ ನಿಮಗೆ ಚಹಾ ಗ್ಯಾರಂಟಿ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯನ್ನು ಒಂದು ಸಲ ಪೂರ್ತಿ ಓದಿ, ದೊಡ್ಡದೇನಲ್ಲ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಅವರ ಮುಂದೆ ಅರ್ಜಿ. ಹಾವೇರಿ ಜಿಲ್ಲೆಯವರು ತಾಲೂಕು ನೋಡಿಕೊಂಡು ಹಾವೇರಿ ಅಥವಾ ಸವಣೂರಿನ ಕಚೇರಿಗೆ ಹೋಗಬೇಕು. ಜೀವನಾಂಶ ತಿಂಗಳಿಗೆ 10,000 ರೂಪಾಯಿವರೆಗೆ. ಮಕ್ಕಳಿಲ್ಲದವರು ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರಿಂದಲೂ ಕೇಳಬಹುದು.

ಕಲಂ 23ರ ಬಗ್ಗೆ ಮಾತ್ರ ಅರ್ಧ ಗೊತ್ತಿದ್ದು ಸಲಹೆ ಕೊಡಬೇಡಿ. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು ಎನ್ನುತ್ತದೆ ಅದು. ಪತ್ರದಲ್ಲಿ ಆ ಷರತ್ತು ಇದೆಯೇ ಇಲ್ಲವೇ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಹಾಗಾಗಿ ದಾನಪತ್ರ ಬರೆಯುವ ಮೊದಲೇ ನಿಮ್ಮ ಕಿವಿಗೆ ಬಿದ್ದರೆ ಷರತ್ತನ್ನು ಬರೆಸಲು ಹೇಳಿ. ಎಲ್ಲದಕ್ಕೂ ಎ.ಸಿ. ಕಚೇರಿಯೇ ಬೇಕಿಲ್ಲ. 14567 ಹಿರಿಯರ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಎಷ್ಟೋ ಜಗಳ ಒಬ್ಬ ಮೂರನೆಯವರು ಫೋನ್ ಮಾಡಿದರೇ ತಣ್ಣಗಾಗುತ್ತವೆ.

ಆಸ್ಪತ್ರೆ ಕಡೆಯಲ್ಲಿ 2010-11ರಿಂದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಯ ವಾರ್ಡ್, ಫಿಸಿಯೋಥೆರಪಿ ಅದರ ಭಾಗ. ನಿಮ್ಮ ಜಿಲ್ಲೆಯಲ್ಲಿ ಆ ವಾರ್ಡ್ ಯಾವ ಮಹಡಿಯಲ್ಲಿದೆ, ಲಿಫ್ಟ್ ನಡೆಯುತ್ತದೆಯೇ ಎಂದು ಹೋಗಿ ನೋಡಿ ಬನ್ನಿ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ.

ಹಂತ 5: ಮೇಲೊಂದು ಡಿಪ್ಲೊಮಾ ಬೇಕೇ?

ಬೇಕಾಗಬಹುದು, ಆದರೆ ಮೂಲ ಪದವಿಯ ಬದಲಿಗೆ ಅಲ್ಲ, ಅದರ ಮೇಲೆ. ದೆಹಲಿಯ ರಾಷ್ಟ್ರೀಯ ಸಮಾಜ ರಕ್ಷಣಾ ಸಂಸ್ಥೆ ಕೇಂದ್ರ ಸರ್ಕಾರದ್ದು, ಹಿರಿಯರ ಆರೈಕೆಯ ತರಬೇತಿ ನಡೆಸುತ್ತದೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕೋರ್ಸ್ ಪಟ್ಟಿಯನ್ನೂ ಪ್ರತಿ ವರ್ಷ ನೋಡುತ್ತಿರಿ. ವಿದೇಶದಲ್ಲಿ ಇದೇ ವಿಷಯಕ್ಕೆ ಪೂರ್ತಿ ಪದವಿಗಳಿವೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜೆರೊಂಟಾಲಜಿಗೆಂದೇ 1975ರಿಂದ ಬೇರೆ ಶಾಲೆ ಇದೆ. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ 'ಏಜಿಂಗ್ ಆ್ಯಂಡ್ ಹೆಲ್ತ್' ಎಂಬ ಹೆಸರಲ್ಲೇ ಸ್ನಾತಕೋತ್ತರ ಓದು ಇದೆ. ನನ್ನ ಮಾತು ಕೇಳುವುದಾದರೆ, ಇಲ್ಲಿ ಎರಡು ವರ್ಷ ಕೆಲಸ ಮಾಡಿ ಆಮೇಲೆ ಹೋಗಿ. ಇಲ್ಲದಿದ್ದರೆ ಅಲ್ಲಿನ ನರ್ಸಿಂಗ್ ಹೋಂ ಲೆಕ್ಕದಲ್ಲಿ ಮುಪ್ಪನ್ನು ಕಲಿತು ಬಂದು, ಇಲ್ಲಿನ ಪಡಸಾಲೆಯಲ್ಲಿ ಕೂತ ಅಜ್ಜನ ಮುಂದೆ ತಬ್ಬಿಬ್ಬಾಗುತ್ತೀರಿ.

ನನ್ನ ಚಿಕ್ಕಪ್ಪನ ಮಗಳು ಒಂದು ತರಬೇತಿ ಕೇಂದ್ರಕ್ಕೆ 18,000 ರೂಪಾಯಿ ಕಟ್ಟಿದಳು. ಆರು ತಿಂಗಳು, ನೂರಕ್ಕೆ ನೂರು ಕೆಲಸ ಎಂದಿದ್ದರು. ಸಿಕ್ಕಿದ್ದು ಬಣ್ಣದ ಸರ್ಟಿಫಿಕೇಟ್ ಮತ್ತು ರಾತ್ರಿ ಪಾಳಿಯ ಆಯಾ ಕೆಲಸ. ಆಯಾ ಕೆಲಸ ಕೀಳಲ್ಲ. ಆದರೆ ಅದಕ್ಕೆ ಆ ದುಡ್ಡೂ ಬೇಡ, ಆ ಸುಳ್ಳೂ ಬೇಡ. ಕಟ್ಟುವ ಮೊದಲು ಯು.ಜಿ.ಸಿ., ಪುನರ್ವಸತಿ ಪರಿಷತ್ತು, ನರ್ಸಿಂಗ್ ಪರಿಷತ್ತು ಇವರಲ್ಲಿ ಯಾರ ಮಾನ್ಯತೆ ಇದೆ ಎಂದು ಕೇಳಿ. ಉತ್ತರದ ಬದಲು ಡಿಸ್ಕೌಂಟ್ ಕೊಟ್ಟರೆ ಎದ್ದು ಬನ್ನಿ.

ಹಂತ 6: ಅರ್ಜಿ, ಫೀ

ಇದು ಬೇಗ ಮುಗಿಯುತ್ತದೆ. ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರವೇಶ ರಾಜ್ಯದ ವಿಶ್ವವಿದ್ಯಾಲಯಗಳ ಯು.ಯು.ಸಿ.ಎಂ.ಎಸ್. ಪೋರ್ಟಲ್ ಮೂಲಕ. ಟಾಟಾ ಸಂಸ್ಥೆಯಂಥ ಕಡೆ ಸ್ನಾತಕೋತ್ತರ ಪದವಿಗೆ ಸಿ.ಯು.ಇ.ಟಿ.-ಪಿ.ಜಿ. ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಅದರ ಅರ್ಜಿ ನಿಮ್ಮ ಕೊನೆಯ ಸೆಮಿಸ್ಟರ್ ಮುಗಿಯುವ ಮೊದಲೇ ಬಂದು ಹೋಗುತ್ತದೆ, ಅಲ್ಲೇ ನಮ್ಮ ಹುಡುಗರು ಎಡವುವುದು. ಜಾತಿ ಮತ್ತು ಆದಾಯ ಪ್ರಮಾಣ ಪತ್ರ ಈಗಲೇ ಮಾಡಿಸಿಡಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್.ಎಸ್.ಪಿ. ಪೋರ್ಟಲ್. ಆಧಾರ್‌ನಲ್ಲಿ ಹೆಸರು ಒಂದು ತರಹ, ಅಂಕಪಟ್ಟಿಯಲ್ಲಿ ಇನ್ನೊಂದು ತರಹ ಇದ್ದರೆ ಅದನ್ನು ಮೊದಲು ಸರಿಮಾಡಿಸಿ.

ಫೀಗಿಂತ ಕಷ್ಟದ ಅನುಮತಿ ಮನೆಯಲ್ಲಿ ಸಿಗಬೇಕು. ನಮ್ಮಪ್ಪ ಕೇಳಿದ್ದು ಇನ್ನೂ ನೆನಪಿದೆ: "ಮುದುಕರ ಚಾಕರಿ ಮಾಡಾಕ ಎಂ.ಎ. ಓದಬೇಕೇನವಾ?" ನಾನು ಉತ್ತರ ಕೊಡಲಿಲ್ಲ. ಮುಂದೆ ಅವರಿಗೇ ಪಾರ್ಶ್ವವಾಯು ಆದಾಗ, ಹಾಸಿಗೆಯಿಂದ ಕುರ್ಚಿಗೆ ಹೇಗೆ ಕೂರಿಸಬೇಕು ಎಂದು ತಮ್ಮನಿಗೆ ತೋರಿಸಿಕೊಟ್ಟೆ. ಆಮೇಲೆ ಅವರು ಆ ಪ್ರಶ್ನೆ ಕೇಳಲಿಲ್ಲ.

ಹಂತ 7: ಕೆಲಸ ಎಲ್ಲಿದೆ?

ನಿಜ ಹೇಳುತ್ತೇನೆ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲಸಗಳಿವೆ, ಆದರೆ ಚೆದುರಿವೆ. ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು, ಸರ್ಕಾರಿ ನೆರವಿನ ವೃದ್ಧಾಶ್ರಮಗಳಲ್ಲಿ ಆಪ್ತ ಸಮಾಲೋಚಕರು, ಸರ್ಕಾರೇತರ ಸಂಸ್ಥೆಗಳ ಯೋಜನೆಗಳು, ಸಮೀಕ್ಷೆ ಕೆಲಸ. ಮೊದಲ ಸಂಬಳ ಕಡಿಮೆ, ಎಷ್ಟೋ ಕಡೆ ಗುತ್ತಿಗೆ. ಬೆಂಗಳೂರಿಗೆ ಹೋದರೆ ಮನೆ ಆರೈಕೆಯ ಕಂಪನಿಗಳು, ಹಿರಿಯರ ವಸತಿ ಸಮುಚ್ಚಯಗಳು, ಮರೆವಿನ ಕಾಯಿಲೆಗೆಂದೇ ಕೆಲಸ ಮಾಡುವ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳು ಸಿಗುತ್ತವೆ. ದೇಶದ ಮಟ್ಟದಲ್ಲಿ 1978ರಿಂದ ಇರುವ ಹೆಲ್ಪ್ ಏಜ್ ಇಂಡಿಯಾ ಇದೆ. ಬೋಧನೆ ಬೇಕಿದ್ದರೆ ಎಂ.ಎಸ್.ಡಬ್ಲ್ಯೂ. ಜೊತೆಗೇ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್‌ಗೆ ಓದಿ.

'ಕೇರ್ ಮ್ಯಾನೇಜರ್' ಎಂಬ ಹುದ್ದೆ ನೋಡಿದರೆ ಸಂದರ್ಶನದಲ್ಲೇ ಕೇಳಿ: ನನ್ನ ಕೈಕೆಳಗೆ ಎಷ್ಟು ಹಿರಿಯರು? ತಿಂಗಳಿಗೆ ಎಷ್ಟು ಪ್ಯಾಕೇಜ್ ಮಾರಬೇಕು? ಎರಡನೇ ಪ್ರಶ್ನೆಗೆ ಅವರು ಮುಗುಳ್ನಕ್ಕರೆ ಅದು ಮಾರಾಟದ ಕೆಲಸ. ಮತ್ತೆ, ಈ ಕೆಲಸದಲ್ಲಿ ನಿಮ್ಮವರು ಸಾಯುತ್ತಾರೆ. ವರ್ಷಕ್ಕೆ ನಾಲ್ಕೈದು ಜನ. ಆ ಸಂಜೆ ಯಾರ ಹತ್ತಿರ ಮಾತಾಡಬಹುದು ಎಂಬ ವ್ಯವಸ್ಥೆ ಇರುವ ಸಂಸ್ಥೆ ಸಿಕ್ಕರೆ ಎರಡು ಸಾವಿರ ಕಡಿಮೆ ಕೊಟ್ಟರೂ ಸೇರಿಕೊಳ್ಳಿ.

ಮೊದಲ ದಿನದ ಚೀಲ

ಸೀಟು ಸಿಕ್ಕು ಕ್ಷೇತ್ರಕಾರ್ಯಕ್ಕೆ ಹೊರಟಿರಿ ಅಂದುಕೊಳ್ಳೋಣ. ಚೀಲದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಲು ಒಂದು ಮಾರ್ಕರ್, ದೊಡ್ಡ ಹಾಳೆ, ಒಂದು ಭೂತಗನ್ನಡಿ, ನೀರಿನ ಬಾಟಲಿ ಇರಲಿ. ನೋಟ್‌ಬುಕ್ ಇರಲಿ, ಆದರೆ ಚೀಲದಲ್ಲೇ ಇರಲಿ. ಕಿವಿ ಕೇಳದವರ ಹತ್ತಿರ ಕೂಗಬೇಡಿ. ವಯಸ್ಸಾದಂತೆ ಮೊದಲು ಹೋಗುವುದು ಕೀಚು ದನಿ ಕೇಳುವ ಶಕ್ತಿ, ಕೂಗಿದರೆ ದನಿ ಇನ್ನೂ ಕೀಚಾಗುತ್ತದೆ. ಎದುರು ಕೂತು, ತುಟಿ ಕಾಣುವಂತೆ, ದನಿ ತಗ್ಗಿಸಿ, ನಿಧಾನ ಮಾತಾಡಿ. ಮಂಚದ ಮೇಲಿದ್ದವರ ಮುಂದೆ ನಿಂತು ಮಾತಾಡಬೇಡಿ, ಸ್ಟೂಲ್ ಎಳೆದುಕೊಳ್ಳಿ. ಬೆಳಿಗ್ಗೆ ಹತ್ತರೊಳಗೆ ಅಲ್ಲಿರುವ ಹಾಗೆ ಚಿಗರಿ ಬಸ್ ಹಿಡಿಯಿರಿ. ಒಂದು ಗಂಟೆಗೆ ಊಟ, ಊಟ ಆದ ಮೇಲೆ ಅವರು ಮಲಗುತ್ತಾರೆ, ಎಬ್ಬಿಸಬಾರದು. ಮತ್ತೆ ಬರುತ್ತೇನೆ ಅಂತ ಹೇಳಿ ಹೊರಟರೆ ವಾರ ಹೇಳಿ ಬನ್ನಿ. ಮಂಗಳವಾರ ಅಂದರೆ ಮಂಗಳವಾರ ಬೆಳಿಗ್ಗೆಯಿಂದಲೇ ಅವರು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ.